ಕಲಾಯಿ ದಾವಲಸಾಬ ಡಿಸ್ಕನ್ನು ಮಾತಾಡಿಸಿದ್ದು

ಬಹಳ ಹಿಂದೆ, ಮಲಪ್ರಭೆಯ ದಂಡೆಯ ಮೇಲೆ ಒಂದು ಊರಿನಲ್ಲಿ, ದಾವಲಸಾಬ ಅಂತ ಒಬ್ಬ ಕಲಾಯಿಗಾರನಿದ್ದ. ಊರಿನ ಹೆಸರು ಕಂಚಿನಾಳ. ಎಷ್ಟು ಹಿಂದೆ ಅಂತ ಕೇಳಬೇಡಿ. ಕಂಪ್ಯೂಟರ್ ಅನ್ನುವುದು ಗೋಧಿ ಚೀಲದಷ್ಟು ಭಾರ ಇದ್ದ ಕಾಲ, ಅದನ್ನು ಎತ್ತಿಡುವುದಕ್ಕೆ ಇಬ್ಬರು ಗಂಡಾಳು ಬೇಕಾಗಿದ್ದ ಕಾಲ. ಅದಕ್ಕಿಂತ ಹೆಚ್ಚಿನ ಲೆಕ್ಕ ಯಾರಿಗೂ ಬರುವುದಿಲ್ಲ.

ದಾವಲಸಾಬ ಕಲಾಯಿ ಹಾಕಿದ ಪಾತ್ರೆಯಲ್ಲಿ ಇಣುಕಿದರೆ ಎಂಬತ್ತರ ಮುದುಕಿಗೂ ತನ್ನ ಹದಿನಾರರ ಮುಖ ಕಾಣುತ್ತಿತ್ತಂತೆ. ಅದಕ್ಕೇ ಮುದುಕಿಯರು ತಿಂಗಳಿಗೊಮ್ಮೆ ಹಂಡೆ ಹೊತ್ತು ತರುತ್ತಿದ್ದರಂತೆ. ಆಮೇಲೆ ಸ್ಟೀಲು ಬಂತು. ಸ್ಟೀಲಿಗೆ ಕಲಾಯಿ ಬೇಡ. ಬೇರೆ ಯಾರಾದರೂ ಆಗಿದ್ದರೆ ಒಲೆ ಊದುವ ತಿದಿ ಮಡಚಿ ಅಟ್ಟಕ್ಕೆ ಹಾಕಿ ಹಣೆ ಹಣೆ ಬಡಿದುಕೊಳ್ಳುತ್ತಿದ್ದ. ದಾವಲಸಾಬ ಮೂರು ದಿನ ಸುಮ್ಮನೆ ಕೂತು ಯೋಚನೆ ಮಾಡಿದನಂತೆ. ಪಾತ್ರೆಗೆ ಹಚ್ಚುವುದೂ ತವರ, ರೇಡಿಯೋದ ಹೊಟ್ಟೆಯಲ್ಲಿ ತಂತಿ ಕೂಡಿಸುವುದೂ ತವರ. ನಾಲ್ಕನೆಯ ದಿನ ರೇಡಿಯೋ ಬಿಚ್ಚಿದ.

ಬಾವಿಗೆ ಬಿದ್ದ ರೇಡಿಯೋ ಎತ್ತಿ, ಒಣಗಿಸಿ, ಅವನು ಮತ್ತೆ ಹಚ್ಚಿದಾಗ ಅದು ಮೂರು ದಿನ ಮಳೆಯ ಸುದ್ದಿ ಬಿಟ್ಟು ಬೇರೇನೂ ಹೇಳಲಿಲ್ಲವಂತೆ. ಶೆಟ್ಟರ ಮನೆಯ ಟಿ.ವಿ.ಯಲ್ಲಿ ಬರೀ ಬಿಳಿ ಹುಳ ಹರಿದಾಡುತ್ತಿದ್ದವು. ದಾವಲಸಾಬ ಅವನ್ನು ಹೊರಗೆ ಓಡಿಸಿದ ದಿನ ಓಣಿಯ ಕೋಳಿಗಳಿಗೆಲ್ಲ ಹಬ್ಬವಾಯಿತಂತೆ. ಸುಳ್ಳು ಅನ್ನುವವರು ಅನ್ನಲಿ. ಆ ಕೋಳಿಗಳ ಮೊಟ್ಟೆ ತಿಂದವರು ಮೊನ್ನೆ ಮೊನ್ನೆಯವರೆಗೂ ಇದ್ದರು.

ಅಕ್ಷರ ಅವನಿಗೆ ಬರುತ್ತಿರಲಿಲ್ಲ. ಒಂದೇ ಮಾತು ಅವನ ಶಾಸ್ತ್ರ. ಉಜ್ಜದೆ ಕಲಾಯಿ ಹಿಡಿಯುವುದಿಲ್ಲ. ಲೋಹಕ್ಕೆ ಲೋಹ ತಾಗಬೇಕು. ನಡುವೆ ಕೂದಲೆಳೆಯಷ್ಟು ಕೊಳೆ ಇದ್ದರೂ ಎರಡೂ ಕೂಡುವುದಿಲ್ಲ. ಆ ಒಂದು ಮಾತು ಕಟ್ಟಿಕೊಂಡು ಅವನು ರೇಡಿಯೋ ದಾಟಿದ, ಟಿ.ವಿ. ದಾಟಿದ, ಕೊನೆಗೆ ಕಂಪ್ಯೂಟರಿಗೂ ಕೈ ಹಾಕಿದ.

ಅದೇ ಊರಿನ ಅಂಚಿಗೆ ಹೆಳವರ ಯಂಕಪ್ಪ ಇದ್ದ. ಹೆಳವರು ಅಂದರೆ ಗೊತ್ತಲ್ಲ, ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಊರೂರಿಗೆ ಬರುವವರು. ಮನೆ ಮುಂದೆ ನಿಂತು, ಈ ಮನೆತನದ ಮೂಲ ಯಾವುದು, ಬೆಡಗು ಯಾವುದು, ಮುತ್ತಜ್ಜನ ಮುತ್ತಜ್ಜ ಯಾರು, ಎಲ್ಲ ಸರಸರ ಹೇಳಿ ಕಾಳು ಇಸಿದುಕೊಂಡು ಹೋಗುವವರು. ಯಂಕಪ್ಪನ ಹೊತ್ತಿಗೆಯಲ್ಲಿ ಅರವತ್ತು ಊರಿನ ವಂಶಾವಳಿ ಇತ್ತಂತೆ. ಆ ಹೊತ್ತಿಗೆಗೆ ಗೆದ್ದಲು ಹತ್ತಿತು. ಅರ್ಧ ಹೋದ ಮೇಲೆ ಯಂಕಪ್ಪನಿಗೆ ಎಚ್ಚರವಾಯಿತು. ಹಾಳೆಯಲ್ಲಿ ಉಳಿದ ಅರ್ಧ, ಬಾಯಲ್ಲಿ ಉಳಿದ ಅರ್ಧ, ಎರಡನ್ನೂ ಕೂಡಿಸಿ ಕಂಪ್ಯೂಟರಿನಲ್ಲಿ ಬರೆಸಿದ. ಬರೆಯಲು ಎರಡು ವರ್ಷ ಹಿಡಿಯಿತಂತೆ. ಬರೆಸಿದ್ದೆಲ್ಲ ಎಲ್ಲಿ ಹೋಗಿ ಕೂಡುತ್ತದೆ ಅಂತ ಅವನು ಕೇಳಿದಾಗ, ಬರೆದವರು ಕಂಪ್ಯೂಟರ್ ಡಬ್ಬಿಯ ಬಾಗಿಲು ಬಿಚ್ಚಿ, ಹಾರ್ಡ್ ಡಿಸ್ಕ್ ಎಂಬ ಅಂಗೈ ಅಗಲದ ಪೆಟ್ಟಿಗೆ ತೋರಿಸಿದ್ದರು. ಯಂಕಪ್ಪ ಆ ಪೆಟ್ಟಿಗೆಗೆ ಅಲ್ಲೇ ಕೈ ಮುಗಿದನಂತೆ.

ಆ ವರ್ಷ ಮಾನವಮಿಯ ಆಯುಧ ಪೂಜೆ ಮುಗಿದು ಎಂಟು ದಿನ ಆಗಿತ್ತು. ಕಂಚಿನಾಳದ ಬಂಡೆಪ್ಪನ ಮಗಳು ನೀಲವ್ವನಿಗೆ ಪಕ್ಕದ ಊರಿನ ವರ ಗೊತ್ತಾಗಿ, ಸೀರೆ ತಂದು, ಕುಪ್ಪಸ ಹೊಲಿಸಿ ಎಲ್ಲ ಆಗಿತ್ತು. ಅಷ್ಟರಲ್ಲಿ ವರನ ಸೋದರಮಾವ ತಕರಾರು ತೆಗೆದ. ಎರಡೂ ಮನೆತನದವರು ಹಿಂದೊಮ್ಮೆ ಒಂದೇ ಊರಿನಿಂದ ಒಂದೇ ಬಂಡಿಯಲ್ಲಿ ಬಂದವರು, ಇಬ್ಬರದೂ ಬನ್ನಿ ಬೆಡಗೇ ಇರಬೇಕು, ಒಂದೇ ಬೆಡಗಿನವರು ಅಣ್ಣ ತಂಗಿ ಇದ್ದ ಹಾಗೆ, ಈ ಲಗ್ನ ಕೂಡದು ಅಂದ. ದೈವದವರು, ಅಂದರೆ ಊರ ಹಿರಿಯರು, ಪಂಚಾಯ್ತಿ ಕೂತರು. ಯಂಕಪ್ಪನನ್ನು ಕರೆಸಿ ಕೇಳಿದರು. ಯಂಕಪ್ಪನಿಗೆ ವಯಸ್ಸಾಗಿತ್ತು. ಬನ್ನಿ ಅಂದ, ಅತ್ತಿ ಅಂದ, ಮತ್ತೆ ಬನ್ನಿ ಅಂದ. ಬಾಯಿ ಮಾತು ಬೇಡ, ಬರೆದದ್ದು ತೋರಿಸು, ನಾಳೆ ಹೊತ್ತು ಮುಳುಗುವುದರೊಳಗೆ ತೋರಿಸದಿದ್ದರೆ ಸೀರೆ ವಾಪಸ್ಸು ಅಂತ ತೀರ್ಮಾನವಾಯಿತು.

ಯಂಕಪ್ಪ ಮನೆಗೆ ಬಂದು ಕಂಪ್ಯೂಟರಿನ ಗುಂಡಿ ಒತ್ತಿದ. ಫ್ಯಾನು ತಿರುಗಿತು. ಪರದೆ ಬೆಳಗಿತು. ಎರಡು ಸಾಲು ಅಕ್ಷರ ಬಂದವು, ಅಷ್ಟೇ. ಮುಂದಕ್ಕೆ ಒಂದು ಹೆಜ್ಜೆ ಹೋಗಲಿಲ್ಲ.

ಮರುದಿನ ಮುಂಜಾನೆ ಶಹರದಿಂದ ಒಬ್ಬ ಜಾಣನನ್ನು ಕರೆಸಿದರು. ಬ್ಯಾಗಿನಲ್ಲಿ ಏನಿಲ್ಲ ಅಂತ ಕೇಳಬೇಕು, ಅಷ್ಟು ತುಂಬಿಕೊಂಡು ಬಂದಿದ್ದನಂತೆ. ಊರು ಪೂರಾ ಯಂಕಪ್ಪನ ಅಂಗಳದಲ್ಲಿ ನೆರೆಯಿತು. ಜಾಣ, ಸಿಸ್ಟಮ್ ಕೆಟ್ಟಿದೆ, ಹೊಸದು ಹಾಕೋಣ ಅಂತ ಸಿ.ಡಿ. ಹಾಕಿದ. ಸಿ.ಡಿ. ತಿರುಗಿತು, ಮಾತಾಡಿತು, ನಾನು ಯಾವ ಡಿಸ್ಕಿನಲ್ಲಿ ಇಳಿಯಲಿ ಅಂತ ಕೇಳಿತು. ಕೇಳಿ ಡಿಸ್ಕುಗಳ ಪಟ್ಟಿ ತೋರಿಸಿತು. ಪಟ್ಟಿ ಖಾಲಿ. ನೆಂಟ ಗಂಟು ಹೊತ್ತು ಬಾಗಿಲಲ್ಲಿ ನಿಂತಿದ್ದಾನೆ, ಮನೆಯೇ ಇಲ್ಲ!

ಜಾಣ ಸುಮ್ಮನೆ ಕೂಡುವವನಲ್ಲ. ಡ್ರೈವರ್ ಅಂತ ಒಂದು ತುಂಬಿದ, ಪಟ್ಟಿ ಖಾಲಿ. ಡಬ್ಬಿಯ ಮೂಲ ಸೆಟ್ಟಿಂಗಿಗೆ ಹೋಗಿ ಅಲ್ಲಿ ಇಲ್ಲಿ ತಿರುವಿದ, ಅಲ್ಲೂ ಡಿಸ್ಕಿನ ಹೆಸರಿಲ್ಲ. ಡಬ್ಬಿಯೊಳಗೆ ಕೈ ಬಿಟ್ಟು ವೈರ್ ಕಿತ್ತು ಬೇರೆ ವೈರ್ ಚುಚ್ಚಿದ, ಪಟ್ಟಿ ಖಾಲಿ. ಕೈ ಬಿಟ್ಟು ತಡಕಿದ, ಕಣ್ಣು ಬಿಟ್ಟು ನೋಡಲಿಲ್ಲ ಅನ್ನುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಬೆವರು ಒರೆಸಿಕೊಂಡು, “ಡಿಸ್ಕ್ ಸತ್ತೈತ್ರಿ. ಹೊಸಾದು ಹಾಕಿಸ್ರಿ. ಹಳೇದ್ರಾಗ ಇದ್ದದ್ದು ಮರತುಬಿಡ್ರಿ” ಅಂದ.

ಯಂಕಪ್ಪ ಎದ್ದು ಹಿತ್ತಲಿಗೆ ಹೋದ. ಎತ್ತಿನ ಮೂಗುದಾರಕ್ಕೆ ಕೈ ಹಾಕಿದ. ಅರವತ್ತು ಊರಿನ ಹಿರಿಯರನ್ನು ಕಳೆದುಕೊಂಡ ಹೆಳವ ಇನ್ನು ಯಾವ ಮುಖ ಹೊತ್ತು ಎತ್ತಿನ ಮೇಲೆ ಕೂತಾನು? ಮೂಗುದಾರ ಬಿಚ್ಚಿ, ಎತ್ತನ್ನು ಬಸವನ ಗುಡಿಗೆ ಬಿಡುತ್ತೇನೆ, ನಾನೂ ಇನ್ನು ಯಾರ ಅಂಗಳವನ್ನೂ ತುಳಿಯುವುದಿಲ್ಲ ಅಂದನಂತೆ.

ನೀಲವ್ವ ಅಳುತ್ತ ಕೂಡುವ ಹೆಣ್ಣಲ್ಲ. ನೆಟ್ಟಗೆ ದಾವಲಸಾಬನ ಅಂಗಡಿಗೆ ಓಡಿದಳು.

“ಕಾಕಾ, ಯಂಕಪ್ಪಜ್ಜನ ಡಿಸ್ಕ್ ಸತ್ತೈತಂತ. ಅದು ಸತ್ರ ನನ್ನ ಲಗ್ನಾನೂ ಸತ್ತಂಗ.”

“ಸತ್ತೈತಂತ ಹೇಳಿದವ್ರು ನಾಡಿ ಹಿಡದು ನೋಡ್ಯಾರೇನವ್ವಾ?” ಅಂದ ದಾವಲಸಾಬ. ಅಷ್ಟಂದು, ಕಲಾಯಿಯ ಉದ್ದನೆ ಇಕ್ಕಳ ಹೆಗಲಿಗೇರಿಸಿ ಹೊರಟ.

ಅವನು ಅಂಗಳಕ್ಕೆ ಬಂದದ್ದೇ ತಡ, ಜಾಣ ನಕ್ಕನಂತೆ. “ಏನ್ರೀ ಅಜ್ಜಾರ, ಡಬ್ಬಿಗೆ ಕಲಾಯಿ ಹಾಕಾವ್ರೇನು?” ಜನವೂ ನಕ್ಕರು.

“ಹಾಕೂಣಂತ ತಮ್ಮಾ. ಮೊದಲ ನೀ ಸುಮ್ಕಿರು, ನಾ ಕೇಳಬೇಕಾಗೈತಿ.”

ಡಬ್ಬಿ ಚಾಲೂ ಮಾಡಿಸಿ, ಇಕ್ಕಳದ ಒಂದು ತುದಿಯನ್ನು ಡಿಸ್ಕಿನ ಬೆನ್ನಿಗೆ ಮೆಲ್ಲಗೆ ತಾಗಿಸಿದ. ಇನ್ನೊಂದು ತುದಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡ. ಬೇವಿನ ಮರದ ಕಾಗೆ ಕೂಗಲು ತೆರೆದ ಬಾಯನ್ನು ಹಾಗೇ ಮುಚ್ಚಿತಂತೆ. ದಾವಲಸಾಬನಿಗೆ ಏನೂ ಕೇಳಲಿಲ್ಲ. ನಲವತ್ತು ವರ್ಷ ತಾಮ್ರ ಬಡಿದ ಕಿವಿ, ಕೈ ಕೊಡಬೇಕೆಂದರೆ ಇವತ್ತೇ ಆಗಬೇಕೇ? ಕಣ್ಣು ಮುಚ್ಚಿದ. ಆಗ ಎಲುಬಿನಲ್ಲಿ ಇಳಿದು ಬಂತು. ಗುಂಯ್ಯ್ ಅಂತ ಸಣ್ಣ ಸದ್ದು, ದೂರದ ಬೀಸುಕಲ್ಲಿನ ಹಾಗೆ. ಒಂದು ತಡೆಯಿಲ್ಲ, ಒಂದು ಟಕಟಕ ಇಲ್ಲ.

“ಇದು ಸತ್ತಿಲ್ಲ. ಇದಕ್ಕ ಎರಡು ಬಾಯಿ. ಒಂದು ಕರೆಂಟು ಉಣ್ಣೂ ಬಾಯಿ, ಒಂದು ಮಾತಾಡೂ ಬಾಯಿ. ಉಣ್ಣಾಕತ್ತೈತಿ, ಮಾತಾಡವಲ್ದು. ಉಣ್ಣಾವ ಎಲ್ಲಾರ ಸತ್ತಿರ್ತಾನೇನು?”

ಮೊದಲು ಪ್ಲಗ್ ಕಿತ್ತ. ಆಮೇಲೆ ನಾಲ್ಕು ಸ್ಕ್ರೂ ಬಿಚ್ಚಿ, ಡಿಸ್ಕನ್ನು ಕೈಗೂಸಿನ ಹಾಗೆ ಎತ್ತಿ, ಬಿಸಿಲಿಗೆ ತಿರುಗಿಸಿದ. ಕರೆಂಟು ಉಣ್ಣುವ ದೊಡ್ಡ ಬಾಯಿ ಸ್ವಚ್ಛ ಇತ್ತು. ಮಾತಾಡುವ ಸಣ್ಣ ಬಾಯಿಯ ಹಲ್ಲುಗಳ ಮೇಲೆ ಗಂಧದಲ್ಲಿ ಕಲಸಿದ ವಿಭೂತಿ ಗಾರೆಯ ಹಾಗೆ ಒಣಗಿ ಕೂತಿತ್ತು. ಅದರ ನಡುವೆ ಒಂದು ಕಾಳು ಕುಂಕುಮ.

ದಾವಲಸಾಬ ತಲೆ ಎತ್ತಿದ. ಹಿತ್ತಲಿನಿಂದ ಬಂದು ಕಟ್ಟೆಯ ಮೇಲೆ ಯಂಕಪ್ಪ ಕೂತಿದ್ದ, ಹಣೆಯ ಮೇಲೆ ಅದೇ ವಿಭೂತಿಯ ಮೂರು ಗೆರೆ. ಕೇಳುವುದೇನೂ ಉಳಿಯಲಿಲ್ಲ. ಹೆಳವನಿಗೆ ಹೊತ್ತಿಗೆಯೇ ದೇವರು. ಮಾನವಮಿಗೆ ಅವನ ಅಪ್ಪ, ಅಜ್ಜ ಎಲ್ಲ ಹಾಳೆ ಹಾಳೆಗೆ ವಿಭೂತಿ ಹಚ್ಚಿದವರು. ಈಗ ಹಾಳೆ ಇಲ್ಲ, ಇರುವುದೆಲ್ಲ ಈ ಪೆಟ್ಟಿಗೆಯಲ್ಲಿ. ಊರೆಲ್ಲ ಯಂತ್ರದ ಹೊರಮೈಗೆ ಕುಂಕುಮ ಇಟ್ಟರೆ, ಯಂಕಪ್ಪ ಬಾಗಿಲು ಬಿಚ್ಚಿ, ವೈರ್ ಕಿತ್ತು, ನೇರ ದೇವರ ಬಾಯಿಗೇ ಇಟ್ಟಿದ್ದ. ಅದರ ಮೇಲೆ ಮತ್ತೆ ವೈರ್ ಒತ್ತಿದ್ದ. ಭಕ್ತಿಯೇ ಬಾಯಿ ಕಟ್ಟಿತ್ತು.

“ಏನೈತ್ರೀ ಅಲ್ಲಿ?” ಅಂತ ಜಾಣ ಕತ್ತು ಚಾಚಿದ. ವರನ ಸೋದರಮಾವನೂ ಚಾಚಿದ. ದಾವಲಸಾಬ ಒಂದು ಮಾತು ಆಡಿದ್ದರೆ ಸಾಕು, ತನ್ನ ವಂಶಾವಳಿಯನ್ನು ತಾನೇ ಕೊಂದ ಹೆಳವ ಅಂತ ಅರವತ್ತು ಊರು ನಗುತ್ತಿತ್ತು, ದಾವಲಸಾಬನ ಹೆಸರು ಅರವತ್ತೊಂದು ಊರು ದಾಟುತ್ತಿತ್ತು. ದೊಡ್ಡಸ್ತಿಕೆ ಅಂದರೆ ಅವನಿಗೆ ಬೆಲ್ಲ. ಸಣ್ಣ ಕೆಲಸವನ್ನೂ ಸಂತೆಯಲ್ಲಿ ಸಾರುವ ಮನುಷ್ಯ. ಆದರೂ ಆವತ್ತು ಸಣ್ಣ ಬಾಯನ್ನು ಹೆಬ್ಬೆರಳಿನಿಂದ ಮುಚ್ಚಿ, “ಧೂಳು” ಅಂದ. ಅಷ್ಟೇ.

ಜಾಣ ಕಿಸೆಯಿಂದ ಪುಸ್ತಕ ತೆಗೆದು ಧೂಳು ಅಂತ ಬರೆದುಕೊಂಡನಂತೆ.

ಹಂಡೆಯಾಗಿದ್ದರೆ ದಾವಲಸಾಬ ಮರಳು ಹಾಕಿ ತಿಕ್ಕುತ್ತಿದ್ದ. ಇದು ಹಾಲುಹಲ್ಲು. ನೀಲವ್ವನ ಕೈಲಿ ಪೆನ್ಸಿಲ್ ಅಳಿಸುವ ರಬ್ಬರ್ ತರಿಸಿ, ಒಂದೊಂದೇ ಹಲ್ಲನ್ನು, ಗಾಳಿಗೂ ನೋವಾಗದ ಹಾಗೆ ಉಜ್ಜಿದ. ಒಣ ಅರಳೆಯಿಂದ ಒರೆಸಿದ. ಹಳೆಯ ವೈರುಗಳ ಬಾಯಿಗೂ ವಿಭೂತಿ ಹತ್ತಿತ್ತು, ಅವನ್ನು ಬಿಟ್ಟು ಜಾಣನ ಬ್ಯಾಗಿನಿಂದ ಹೊಸದೊಂದನ್ನು ತೆಗೆದು ಕಟಕ್ ಅನ್ನುವ ತನಕ ಕೂಡಿಸಿದ. ಹಲ್ಲುಗಳು ಎಷ್ಟು ಹೊಳೆದವೆಂದರೆ, ಹಿತ್ತಲಲ್ಲಿ ಕಟ್ಟಿದ್ದ ಎತ್ತು ಕಣ್ಣು ಪಿಳುಕಿಸಿತಂತೆ.

ಗುಂಡಿ ಒತ್ತಿದರು. ಸಿ.ಡಿ. ಒಳಗೇ ಇತ್ತು, ಮತ್ತೆ ಅದೇ ಪ್ರಶ್ನೆ ಕೇಳಿತು. ಪಟ್ಟಿ ತೋರಿಸಿತು. ಪಟ್ಟಿಯಲ್ಲಿ ಡಿಸ್ಕಿನ ಹೆಸರು ಕೂತಿತ್ತು!

ಅಂಗಳ ಹೋ ಅಂದಿತು. ಜಾಣ ಖುಷಿಗೆ ಮುಂದಿನ ಗುಂಡಿ ಒತ್ತಲು ಬೆರಳು ಚಾಚಿದ. ದಾವಲಸಾಬ ಇಕ್ಕಳದಿಂದ ಆ ಬೆರಳನ್ನೇ ಹಿಡಿದನಂತೆ, ಕೆಂಪಗೆ ಕಾದ ಪಾತ್ರೆ ಹಿಡಿದ ಹಾಗೆ.

“ಏನ್ ಕೇಳಾಕತ್ತೈತಿ ಅದು? ಓದು.”

“ಜಾಗಾ ಸ್ವಚ್ಛ ಮಾಡಿ ಇಳೀಲೇನು ಅಂತ ಕೇಳತೈತ್ರಿ.”

“ಮನಿ ಸಿಕ್ಕತಂತ, ಮನ್ಯಾಗಿದ್ದವ್ರನ್ನ ಹೊರಗ ಹಾಕ್ತೀಯೇನೋ ತಮ್ಮಾ? ತಗಿ ನಿನ್ನ ಸಿ.ಡಿ. ಮನಿಯವ್ರು ಇನ್ನೂ ಒಳಗದಾರ.”

ಜಾಣ ಬೆರಳು ಹಿಂದಕ್ಕೆ ಎಳೆದುಕೊಂಡನಂತೆ. ಮುಂಜಾನೆಯೇ ಡಿಸ್ಕ್ ಕಂಡಿದ್ದರೆ ಅವನು ಒತ್ತಿಯೇ ಬಿಡುತ್ತಿದ್ದ. ಒತ್ತಿದ್ದರೆ ಅರವತ್ತು ಊರಿನ ಅಜ್ಜ ಮುತ್ತಜ್ಜಂದಿರು ಒಂದೇ ಏಟಿಗೆ ಅಳಿಸಿಹೋಗುತ್ತಿದ್ದರು. ಬಾಯಿ ಕಟ್ಟಿದ ವಿಭೂತಿಯೇ ಪ್ರಾಣ ಕಾಯಿತು ಅಂತ ಇವತ್ತಿಗೂ ಹಿರಿಯರು ಹೇಳುತ್ತಾರೆ.

ಸಿ.ಡಿ. ತೆಗೆದು ಡಬ್ಬಿ ಚಾಲೂ ಮಾಡಿದರು. ಯಂಕಪ್ಪನ ಹಳೆಯ ಪರದೆ, ಎತ್ತಿನ ಚಿತ್ರ, ಎಲ್ಲ ಹಾಗೇ ಬಂತು. ಯಂಕಪ್ಪ ಸಾಲಿಗೆ ಬೆರಳಿಟ್ಟು ಓದಿದ. ಬಂಡಿ ಒಂದೇ, ಬಂದ ಊರು ಒಂದೇ, ಆದರೆ ಬಂಡಿಯ ಮುಂದೆ ಕೂತ ವರನ ಮುತ್ತಜ್ಜ ಬನ್ನಿ ಬೆಡಗಿನವನು, ಹಿಂದೆ ಕೂತ ನೀಲವ್ವನ ಮುತ್ತಜ್ಜ ಅತ್ತಿ ಬೆಡಗಿನವನು. ಹೊತ್ತು ಮುಳುಗಲು ಇನ್ನೂ ಎರಡಾಳು ಎತ್ತರ ಬಾಕಿಯಿತ್ತು. ವರನ ಸೋದರಮಾವ ಗಂಟಲು ಸರಿ ಮಾಡಿಕೊಂಡು, “ಹಂಗಾದ್ರ ಲಗ್ನದ ಅಕ್ಕಿಕಾಳು ಯಾವತ್ತು ಇಟ್ಕೋಳೂಣು?” ಅಂದನಂತೆ. ನೀಲವ್ವ, “ಮಾಮಾ, ಮುಂದಿನ ಸಲ ಬಂಡಿ ಹತ್ತೂ ಮುಂದ ಎಲ್ಲಿ ಕುಂದ್ರೂದು ಅಂತ ಕೇಳಿ ಹತ್ರಿ” ಅಂದಳಂತೆ. ಮದುವೆಗೆ ಮುಂಚೆ ಅಷ್ಟು ಮಾತಾಡಿದ ಸೊಸೆ ಆ ಸೀಮೆಯಲ್ಲೇ ಅವಳೊಬ್ಬಳು.

ವರ್ಷಗಳು ಕಳೆದವು. ಬಾವಿಯ ರೇಡಿಯೋದಿಂದ ಶೆಟ್ಟರ ಟಿ.ವಿ.ಯ ತನಕ ದಾವಲಸಾಬ ಹೇಳಿಕೊಳ್ಳದ ಕತೆಯಿಲ್ಲ. ಹೇಳಿಕೊಳ್ಳದೆ ಇಟ್ಟುಕೊಂಡದ್ದು ಅದೊಂದೇ. ಸಾಯುವ ತನಕ ಧೂಳು ಅಂದ, ಧೂಳು ಅಂತಲೇ ಹೋದ. ಮಕ್ಕಳು ಮರಿ ಇರಲಿಲ್ಲ ಅವನಿಗೆ. ಮಣ್ಣು ಕೊಟ್ಟು ಬಂದ ದಿನ, ಕೋಲು ಹಿಡಿದು ನಡೆಯುವ ವಯಸ್ಸಿನಲ್ಲಿ ಯಂಕಪ್ಪ ಎತ್ತು ಹತ್ತಿ ಚಾವಡಿಗೆ ಬಂದನಂತೆ. ಕೆಳಗಿಳಿಯದೆ ಊರಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದನಂತೆ. “ಅದು ಧೂಳಲ್ರಪೋ, ನನ್ನ ಕೈಯಾಗಿನ ವಿಭೂತಿ. ಆ ದಿನಾನ ಅವನ ಕಣ್ಣಾಗ ನೋಡಿ ನನಗ ತಿಳೀತು. ಅಂವ ನನ್ನ ಮಾನಾ ಹೆಬ್ಬಟ್ಟಿನ ಬುಡಕ ಮುಚ್ಚಿಟ್ಟ.”

ಅವತ್ತಿನಿಂದ ಕಂಚಿನಾಳದಲ್ಲಿ ಆಯುಧ ಪೂಜೆಗೆ ಯಂತ್ರಕ್ಕೆ ವಿಭೂತಿ ಹಚ್ಚುವಾಗ, ವೈರ್ ಕೂಡುವ ಜಾಗ ಬಂದರೆ ಒಂದು ಹೆಬ್ಬೆರಳಿನಷ್ಟು ಬಿಟ್ಟು ಹಚ್ಚುತ್ತಾರೆ. ಅದಕ್ಕೆ ದಾವಲಸಾಬನ ಬೆರಳು ಅಂತಲೇ ಹೆಸರು. ಯಾವುದೇ ಮಿಷನ್ನು ಸತ್ತಿತು ಅಂದವರಿಗೆ, ಉಣ್ಣಾಕತ್ತೈತೇನು ನೋಡಿ ಆಮ್ಯಾಲ ಹೇಳು ಅನ್ನುತ್ತಾರೆ.

ಇನ್ನು ಹೆಳವರು. ಅವರು ಹೊಗಳುವುದು ತಲೆತಲಾಂತರದಿಂದ ಕಾಳು ಕೊಡುವ ತಮ್ಮ ಒಕ್ಕಲಿನ ಮನೆಗಳನ್ನು ಮಾತ್ರ, ಕಲಾಯಿಗಾರ ಅವರ ಒಕ್ಕಲಲ್ಲ. ಆದರೂ ಸುಗ್ಗಿ ಮುಗಿದು ಯಂಕಪ್ಪನ ಮೊಮ್ಮಕ್ಕಳು ಎತ್ತಿನ ಮೇಲೆ ಬಂದಾಗ, ಅರವತ್ತು ಊರಿನ ಯಾವ ಅಂಗಳದಲ್ಲೇ ನಿಲ್ಲಲಿ, ಆ ಮನೆಯ ಹಿರಿಯರ ಹೆಸರೆಲ್ಲ ಹೇಳಿ ಮುಗಿಸಿದ ಮೇಲೆ ಒಂದು ಗಳಿಗೆ ತಡೆಯುತ್ತಾರೆ. ತಡೆದು, ಹೆಬ್ಬೆರಳು ಎತ್ತಿ, ಹಿಂದೆ ಮುಂದೆ ಯಾರೂ ಇಲ್ಲದ ಒಂದು ಹೆಸರು ಹೇಳುತ್ತಾರೆ. ಮನೆಯವರು ಒಳಗೆ ಹೋಗಿ ಇನ್ನೊಂದು ಬೊಗಸೆ ಜೋಳ ತಂದು ಸುರಿಯುತ್ತಾರೆ.