ಚೆಂಡಿನ ಮೇಲಿನ ಸುಣ್ಣ

"ಗುರುಗಳೇ, ಗೆದ್ದವನು ನಾನು. ಸೋತೆ ಎಂದು ತೀರ್ಪಾಗಿದೆ. ಇದನ್ನು ಹೇಗೆ ಸಹಿಸಲಿ?" ಎಂದು ಶಿಷ್ಯನೊಬ್ಬ ಕೇಳಿದ.

ಹಿಂದಿನ ದಿನ ಮಠದ ವಾದಸಭೆಯಲ್ಲಿ ಅವನು ಸೋತಿದ್ದ. ತೀರ್ಪು ಕೊಟ್ಟ ವೃದ್ಧ ಪಂಡಿತರಿಗೆ ಕಿವಿ ಮಂದ. ಅವನ ಉತ್ತರದ ಒಂದು ಪದ ಅವರಿಗೆ ಬೇರೆಯಾಗಿ ಕೇಳಿಸಿತ್ತು. ಸರಿಯಾಗಿ ಕೇಳಿಸಿಕೊಂಡಿದ್ದ ಇಬ್ಬರನ್ನು ಅವನು ಕರೆತಂದು ಅಂಗಳದಲ್ಲಿ ನಿಲ್ಲಿಸಿದ್ದ.

"ಪಂಡಿತರ ಎದುರಿಗೇ ಸಾಕ್ಷಿ ಹೇಳಿಸುತ್ತೇನೆ. ತಮ್ಮ ಅಪ್ಪಣೆಯಾಗಬೇಕು" ಎಂದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವಾಲಿಬಾಲ್ ಆಟಗಾರನಿದ್ದ. ದೊಡ್ಡ ಪಂದ್ಯವೊಂದರಲ್ಲಿ ಎರಡೂ ತಂಡಗಳು ಸಮನಾಗಿದ್ದವು. ಉಳಿದದ್ದು ಒಂದೇ ಅಂಕ. ಅವನು ಹೊಡೆದ ಚೆಂಡು ಎದುರಾಳಿಗಳ ಅಂಕಣದ ಮೂಲೆಯಲ್ಲಿ, ಸುಣ್ಣದ ಗೆರೆಯ ಹತ್ತಿರ ಬಿತ್ತು. ಗೆರೆಗೆ ತಾಗಿದ್ದರೆ ಗೆಲುವು, ಇಲ್ಲವಾದರೆ ಸೋಲು. ತೀರ್ಪುಗಾರರಾಗಿದ್ದವರು ಊರ ಶಾಲೆಯ ಡ್ರಿಲ್ ಮಾಸ್ತರು. ಅವರು ಸೀಟಿ ಊದಿ "ಹೊರಗೆ" ಎಂದರು. ಜನ ಕೂಗಾಡಿದರು. ಆಟಗಾರ ಒಮ್ಮೆ ಗೆರೆಯನ್ನು ನೋಡಿದ, ಒಮ್ಮೆ ಮಾಸ್ತರರನ್ನು ನೋಡಿದ. ಗೆದ್ದವರ ಕೈಕುಲುಕಿ ಮನೆಗೆ ಹೋದ.

ಚೆಂಡನ್ನು ಎತ್ತಿಕೊಂಡವನು ಒಬ್ಬ ಪಾತ್ರೆ ವ್ಯಾಪಾರಿ. ಅದರ ಕಂದು ತೊಗಲಿನ ಮೇಲೆ ಬಿಳಿಯ ಗುರುತೊಂದಿತ್ತು. ಗೆರೆಯ ಮೇಲೆ ಬಿದ್ದಾಗ ಹತ್ತಿದ ಸುಣ್ಣ ಎಂದು ಅರ್ಧ ಊರು ಹೇಳಿತು. ಆಮೇಲೆ ಉರುಳಿದಾಗ ಹತ್ತಿದ್ದು ಎಂದು ಉಳಿದರ್ಧ ಹೇಳಿತು. ಮದುವೆಯ ಪಂಕ್ತಿಯಲ್ಲಿಯೂ ಈ ಜಗಳ ನಿಲ್ಲಲಿಲ್ಲ. ಆಟಗಾರನನ್ನು ಕೇಳಿದರೆ, "ಸೀಟಿ ನನ್ನ ಹತ್ತಿರ ಇರಲಿಲ್ಲವಲ್ಲ" ಎನ್ನುತ್ತಿದ್ದ. ಮಾಸ್ತರು ಮತ್ತೆ ಸೀಟಿ ಮುಟ್ಟಲಿಲ್ಲ. ಮೈದಾನದ ದಾರಿಯನ್ನೇ ಬಿಟ್ಟು, ಸುತ್ತು ಬಳಸಿ ಮನೆಗೆ ಹೋಗತೊಡಗಿದರು.

ವರ್ಷಗಳು ಕಳೆದವು. ಆಟಗಾರ ಹಿಟ್ಟಿನ ಗಿರಣಿ ಇಟ್ಟುಕೊಂಡ. ಮೈದಾನದಲ್ಲಿ ಹೊಸ ಕ್ರೀಡಾಭವನ ಎದ್ದಿತು. ವ್ಯಾಪಾರಿ ಅಷ್ಟು ಕಾಲವೂ ಚೆಂಡನ್ನು ಗಾಜಿನ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದ. ಈಗ ಅದನ್ನು ಭವನದ ಬಾಗಿಲಲ್ಲೇ ಇಡಬೇಕೆಂದು ಅವನ ಆಸೆ. ಮಾಸ್ತರರಲ್ಲಿಗೆ ಹೋಗಿ ಅದರ ಮೇಲೆ ರುಜು ಹಾಕಿಸಿಕೊಂಡ. ಅಲ್ಲಿಂದ ಗಿರಣಿಗೆ ಬಂದ.

ಆಟಗಾರ ಕೈಚಾಚಿದ.

"ಏಯ್, ಮುಟ್ಟಬೇಡ ಮಾರಾಯ! ಮೊದಲು ಕೈ ತೊಳೆದು ಬಾ. ಸುಣ್ಣ ಯಾವುದು, ನಿನ್ನ ಜೋಳದ ಹಿಟ್ಟು ಯಾವುದು ಎಂದು ನಾಳೆ ಇನ್ನೊಂದು ಜಗಳ ಹುಟ್ಟೀತು" ಎಂದ ವ್ಯಾಪಾರಿ.

ಆಟಗಾರ ನಗುತ್ತ ಕೈ ತೊಳೆದು, ಒದ್ದೆ ಟವೆಲನ್ನು ಹೆಗಲಿಗೆ ಹಾಕಿಕೊಂಡು ಬಂದ. ಚೆಂಡನ್ನು ತಿರುಗಿಸಿ ನೋಡಿದ. "ಮಾಸ್ತರು ಎಲ್ಲಿ ಹಾಕಿದ್ದಾರೆ?"

"ಗುರುತಿನ ಕೆಳಗೇ ಹಾಕಿಸಿದ್ದೇನೆ. ಅವರು ಬಹಳ ಹೊತ್ತು ಅದನ್ನೇ ನೋಡುತ್ತ ಕೂತಿದ್ದರು. ಕೊನೆಗೆ ಹಾಕಿದರು. ನಿನ್ನದೂ ಬಿದ್ದರೆ ಮುಗಿಯಿತು. ಗೆದ್ದವನು ಯಾರು, ತಪ್ಪು ಹೇಳಿದವರು ಯಾರು ಎಂದು ಬಾಗಿಲಲ್ಲೇ ಬರೆಸಿಬಿಡುತ್ತೇನೆ. ಬಂದವರೆಲ್ಲ ಓದಿಕೊಂಡೇ ಒಳಗೆ ಹೋಗಬೇಕು."

ಆಟಗಾರ ಹೆಗಲ ಟವೆಲನ್ನು ತೆಗೆದ. ಹಿಂದೆ ಸರ್ವಿಸ್ ಮಾಡುವ ಮುಂಚೆ ಚೆಂಡು ಒರೆಸುತ್ತಿದ್ದಂತೆಯೇ ಒರೆಸಿದ. ಮಾಸ್ತರರ ಹೆಸರಿಗೆ ಮಾತ್ರ ನೀರು ತಾಗಿಸಲಿಲ್ಲ. ಸುಣ್ಣ ಹೋಯಿತು. ಅದು ಇದ್ದ ಜಾಗ ಆರುವವರೆಗೆ ಊದಿ, ಅಲ್ಲಿ ತನ್ನ ರುಜು ಹಾಕಿದ.

ವ್ಯಾಪಾರಿ ತಲೆಯ ಮೇಲೆ ಕೈ ಹೊತ್ತು ಕುಳಿತ. "ಎಂಥ ಕೆಲಸ ಮಾಡಿದೆಯೋ! ಇದ್ದದ್ದು ಅದೊಂದೇ ರುಜುವಾತು!"

"ನೀವು ಕೇಳಿದ್ದು ರುಜು, ಸಾಹುಕಾರರೇ. ಹಾಕಿದ್ದೇನೆ" ಎಂದ ಆಟಗಾರ. "ಭವನ ತೆರೆಯುವ ದಿನ ಮಾಸ್ತರರನ್ನೂ ಕರೆಯಿರಿ. ಇನ್ನು ಅವರು ಮೈದಾನದ ದಾರಿಯಲ್ಲೇ ಬರಬಹುದು."

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಗುರುಗಳೇ, ಇದ್ದೊಂದು ಗುರುತನ್ನೂ ಅವನೇ ಅಳಿಸಿದ. ಅವನು ಗೆದ್ದಿದ್ದ ಎನ್ನುವುದಕ್ಕೆ ಇನ್ನೇನು ಉಳಿಯಿತು?" ಎಂದ.

ಗುರುಗಳು ಹೇಳಿದರು: "ಸೋತವನಿಗೆ ಅದನ್ನು ಒರೆಸಲು ಕೈ ಏಳುತ್ತಿತ್ತೇ?"

ಶಿಷ್ಯ ಅಂಗಳದ ಕಡೆ ತಿರುಗಿ ನೋಡಿದ. ಸಾಕ್ಷಿಗೆ ಬಂದಿದ್ದ ಇಬ್ಬರು ಅಂಗಳದಲ್ಲಿ ಇನ್ನೂ ಕಾಯುತ್ತಿದ್ದರು.