ಮೈಲಾರಿ ಕಟ್ಟಿದ ಸೊಳ್ಳೆಪರದೆ

ಬುದ್ಧಿ ಹಂಚುವ ದಿನ ಊರಿಗೆ ಊರೇ ಪಾಳಿ ಹಚ್ಚಿತ್ತಂತೆ. ನಮ್ಮ ಮೈಲಾರಿ ಮಾತ್ರ ಪಾಳಿಯಲ್ಲಿ ನಿಂತವರ ಚಪ್ಪಲಿ ಕಾಯುತ್ತ ಕೂತಿದ್ದನಂತೆ. ಯಾಕೆ ಅಂದರೆ, ಯಾರೋ "ಚಪ್ಪಲಿ ನೋಡ್ಕೋಪಾ" ಅಂದಿದ್ದರು, ಅದಕ್ಕೆ! ಮೀಸೆ ಬಂದು ಎಷ್ಟೋ ವರ್ಷವಾಗಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಅವನ ತಾಯಿ ನಿಂಬೆವ್ವ ಹಣೆ ಹಣೆ ಬಡಿದುಕೊಂಡು, ಕುಂಕುಮ ನಿಲ್ಲಲು ಜಾಗವಿಲ್ಲದಂತೆ ಮಾಡಿಕೊಂಡಿದ್ದಳು.

ಅಂಥದ್ದರಲ್ಲಿ ಮಗಳು ರುದ್ರವ್ವ ಬಾಣಂತನಕ್ಕೆ ಬಂದಳು. ಮನೆಯೊಳಗೆ ಹಸುಗೂಸು, ಓಣಿಯಲ್ಲಿ ಡೆಂಗಿ ಜ್ವರ. ಎದುರುಮನೆಯವರು ಆಗಲೇ ಆಸ್ಪತ್ರೆ ಸೇರಿದ್ದರು. ಕೂಸಿಗೆ ಸೊಳ್ಳೆ ಕಚ್ಚಬಾರದು, ಜ್ವರ ಬರಬಾರದು. ಹಗಲೂ ರಾತ್ರಿ ನಿಂಬೆವ್ವನಿಗೆ ಇದೊಂದೇ ಚಿಂತೆ.

ಆಶಾ ಕಾರ್ಯಕರ್ತೆ ಹಸೀನಕ್ಕ ಮನೆಮನೆಗೆ ಬಂದು ಹೇಳಿದಳು: "ಈ ಸೊಳ್ಳಿ ಹಗಲ ಕಡೀತಾವ. ನಿಂತ ನೀರಾಗ ತತ್ತಿ ಇಡ್ತಾವ. ನಿಂತ ನೀರು ಕಂಡಲ್ಲಿ ಚೆಲ್ರಿ!"

"ಕೇಳಿದೇನೋ ಮೈಲಾರಿ?"

"ಕೇಳಿದ್ನಬೇ ಯವ್ವಾ. ಹಂಗ ಮಾಡ್ತೀನಿ."

ಆ ಊರಿಗೆ ನಲ್ಲಿ ನೀರು ಬರುವುದು ವಾರಕ್ಕೊಮ್ಮೆ. ಬಂದ ದಿನ ಊರಿಗೆಲ್ಲ ಹಬ್ಬ. ನಿಂಬೆವ್ವ ಡ್ರಮ್ಮು ತುಂಬಿದಳು, ಹರವಿ ತುಂಬಿದಳು, ಕೊಡ ತುಂಬಿದಳು, ಕಡೆಗೆ ಚಹದ ಕಿಟಲಿಯನ್ನೂ ತುಂಬಿಟ್ಟು, ಬಾಣಂತಿಗೆ ಅಂಟಿನುಂಡಿ ಕಟ್ಟಲು ಉತ್ತತ್ತಿ ತರುತ್ತೇನೆಂದು ಅಂಗಡಿಗೆ ಹೋದಳು. ಮೈಲಾರಿ ಡ್ರಮ್ಮಿನಲ್ಲಿ ಇಣುಕಿ ನೋಡಿದ. ನೀರು ಅಲುಗಾಡಲೊಲ್ಲದು. ಹರವಿಯಲ್ಲಿ ನೋಡಿದ. ಅಲ್ಲೂ ನಿಂತಿದೆ. ಚೆಲ್ಲಿದ! ಡ್ರಮ್ಮು ಚೆಲ್ಲಿದ, ಹರವಿ ಚೆಲ್ಲಿದ, ಕೊಡ ಚೆಲ್ಲಿದ, ಕಿಟಲಿ ಬೋರಲು ಹಾಕಿ ತಳಕ್ಕೆ ಎರಡು ಬಡಿದ.

ನಿಂಬೆವ್ವ ಬಂದು ನೋಡುತ್ತಾಳೆ, ಅಂಗಳವೇ ಹಳ್ಳ!

"ಅಯ್ಯೋ ಖೋಡಿ! ವಾರದ ನೀರಲ್ಲೇನೋ! ತುಂಬಿದ ನೀರು ಚೆಲ್ಲಬಾರದೋ! ಮ್ಯಾಲ ಬಟ್ಟಿ ಹೊಚ್ಚಿ ಬಿಗಿಯಂಗ ಕಟ್ಟಬೇಕು!"

"ಆತಬೇ ಯವ್ವಾ. ಇನ್ನ ಮ್ಯಾಲ ಹಂಗ ಮಾಡ್ತೀನಿ."

ನೆರೆಮನೆಯವರ ಕೈಕಾಲು ಹಿಡಿದು ನಾಲ್ಕು ಕೊಡ ನೀರು ತಂದದ್ದಾಯಿತು. ಮರುದಿನ ನಿಂಬೆವ್ವ, "ಎಮ್ಮಿಗೆ ನೀರಿಡೋ" ಅಂದಳು. ಮೈಲಾರಿ ಬಾನಿ ತುಂಬಿದ. ಮೇಲೆ ಬಟ್ಟೆ ಹೊಚ್ಚಿದ. ಹಗ್ಗ ಸುತ್ತಿ ಬಿಗಿಯಾಗಿ ಕಟ್ಟಿದ. ಪಾಪ, ಎಮ್ಮೆ ದಿನವೆಲ್ಲ ಬಟ್ಟೆ ನೆಕ್ಕಿತು, ಮೂತಿ ತಿವಿಯಿತು, ಒದರಿತು. ಸಂಜೆಗೆ ಹಿಂಡಲು ಕೂತರೆ ಚರಿಗೆಯ ತಳ ನೆನೆಯುವಷ್ಟೂ ಹಾಲಿಲ್ಲ.

"ಎಮ್ಮಿಗೇನು ಕೈ ಅದಾವೇನೋ ಗಂಟು ಬಿಚ್ಚಾಕ! ಮೂಕ ಜೀವ ಬಂದು ಬಟ್ಟಿಗೆ ಮೂತಿ ಹಚ್ಚಿದ್ರ, ಹಸಿವಾಗೇತಿ ನೀರಡಿಕಿ ಆಗೇತಿ ಅಂತ ತಿಳದು ಬಟ್ಟಿ ಸರಸಬೇಕು!"

"ಆತಬೇ ಯವ್ವಾ. ಇನ್ನ ಮ್ಯಾಲ ಹಂಗ ಮಾಡ್ತೀನಿ."

ಮಾಡಿಯೇಬಿಟ್ಟ! ಮಧ್ಯಾಹ್ನ ಬಾಣಂತಿ, ಕೂಸು ಸೊಳ್ಳೆಪರದೆಯೊಳಗೆ ಮಲಗಿದ್ದರು. ಮೈಲಾರಿ ಕಾವಲು ಕೂತಿದ್ದ. ಕಾಲಿಗೆ ಬಿಳಿ ಪಟ್ಟೆ ಇದ್ದ ಸೊಳ್ಳೆಗಳು ಬಂದು ಪರದೆಗೆ ಮೂತಿ ಹಚ್ಚಿದವು. ಮೈಲಾರಿಯ ಕರುಳು ಚುರುಕ್ ಅಂದಿತು. "ಪಾಪ, ಮೂಕ ಜೀವ! ನೀರಡಿಸಿ ಬಂದಾವ" ಅಂದವನೇ ಪರದೆ ಸರಿಸಿ, "ಬರ್ರಿ, ಒಳಗ ಬರ್ರಿ" ಅಂದ. ಬಂದವು. ಬೀಗರ ಮನೆಗೆ ಉಂಡು ಹೋಗಲು ಬಂದವರ ಹಾಗೆ ಬಂದವು.

ಕೂಸು ಕಿರ್ರನೆ ಕಿರುಚಿತು. ನಿಂಬೆವ್ವ ಓಡಿ ಬಂದು ನೋಡಿದರೆ ಗಲ್ಲದ ಮೇಲೆ ಕೆಂಪು ಗಂಧೆ. ಈ ಸಲ ಅವಳು ಬೈಯಲಿಲ್ಲ, ಕೂತಲ್ಲೇ ಅತ್ತಳು. ಆಮೇಲೆ ಎಷ್ಟೋ ದಿನ ಕೂಸಿನ ಹಣೆ ಮುಟ್ಟುವುದು, ಕೈ ಮುಗಿಯುವುದು, ಮತ್ತೆ ಮುಟ್ಟುವುದು. ದೇವರು ದೊಡ್ಡವನು, ಜ್ವರ ಬರಲಿಲ್ಲ.

ಬೈಯುವ ಕೆಲಸವನ್ನು ಹಸೀನಕ್ಕ ಮಾಡಿದಳು: "ಮೈ ಬಿಸಿ ಇದ್ದವರನ್ನ ಕಡದ ಸೊಳ್ಳಿ ಮುಂದ ಕೂಸಿಗೆ ಕಡದ್ರ ಏನ್ ಗತಿ ಮಾರಾಯಾ! ಬಾಣಂತಿ, ಕೂಸು ಪರದಿ ಒಳಗ. ಮೈ ಬಿಸಿ ಹತ್ತಿದವರೂ ಬ್ಯಾರೆ ಪರದಿ ಒಳಗ. ಅಂಚು ಹಾಸಿಗಿ ಕೆಳಗ ತುರುಕಬೇಕು. ಬೇಡ್ಲಿ, ಬೈಲಿ, ಬಿಚ್ಚಬಾರದು!"

"ಆತಬೇ ಅಕ್ಕಾ. ಹಂಗ ಮಾಡ್ತೀನಿ."

ತೊಟ್ಟಿಲಿಗೆ ಹಾಕುವ ದಿನ ಬಂತು. ಬೀಗರು ಮುಂಜಾನೆಯೇ ಬಂದು ಕೂತಿದ್ದರು. ಅಳಿಯ ಶಿದ್ಲಿಂಗಪ್ಪ ಹೊಸ ರುಮಾಲು ಸುತ್ತಿಕೊಂಡು ಬಸ್ಸಿಳಿದು ಬಂದ. ಮೈಲಾರಿ ಕಾಲಿಗೆ ನೀರು ಕೊಟ್ಟ, ಕೈ ಹಿಡಿದು ಒಳಗೆ ಕರೆದ. ಕೈ ಕಾದ ಹಂಚು!

ಅಷ್ಟೇ! ಅಳಿಯನನ್ನು ಎತ್ತಿ ಹೊರಸಿನ ಮೇಲೆ ಒಗೆದ. ತಾಯಿಯ ಸೊಳ್ಳೆಪರದೆ ತಂದು ಮುಚ್ಚಿದ. ಅಂಚು ತುರುಕಿದ. ಸಾಲದ್ದಕ್ಕೆ ಎಮ್ಮೆಯ ಹಗ್ಗ ತಂದು ಸುತ್ತ ಬಿಗಿದ.

"ಬಿಡಲೇ! ನನಗ ಜ್ವರ ಇಲ್ಲಲೇ! ಬಿಸಲಾಗ ಬಂದೀನಿ!"

"ಬೇಡ್ಲಿ, ಬೈಲಿ, ಬಿಚ್ಚಬಾರದು ಮಾಮಾ!"

ಬೀಗರು ಎದ್ದು ನಿಂತರು. ಮರ್ಯಾದೆ ಹೋಯಿತೆಂದು ಕೂಗಾಡಿದರು. ನಿಂಬೆವ್ವನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅಷ್ಟರಲ್ಲಿ ಬಂದ ಹಸೀನಕ್ಕ ಪರದೆಯೊಳಗೆ ಕೈ ತೂರಿಸಿ ಅಳಿಯನ ಹಣೆ ಮುಟ್ಟಿದಳು, ಥರ್ಮಾಮೀಟರ್ ಹಚ್ಚಿ ಜ್ವರ ನೋಡಿದಳು. ನೂರಾ ಮೂರು!

ಅಳಿಯ ತಲೆ ತಗ್ಗಿಸಿದ. "ನಿನ್ನೆಯಿಂದ ಐತ್ರಿ. ಗುಳಿಗಿ ನುಂಗಿ ಬಂದೆ. ಹೇಳಿದ್ರ ಕೂಸಿನ ಮಾರಿ ನೋಡಾಕ ಬಿಡೂದಿಲ್ಲ ಅಂತ..."

ಕೂಗಾಡಿದ ಬೀಗರು ಹೋಗಿ ಮತ್ತೆ ಚಾಪೆಯ ಮೇಲೆ ಕೂತರು. ಹಸೀನಕ್ಕ ಡಾಕ್ಟರಿಗೆ ಫೋನು ಹಚ್ಚಿದಳು. ನಿಂಬೆವ್ವ ಹಡೆದ ಮೇಲೆ ಮೊದಲ ಸಲ ಮಗನಿಗೆ ದೃಷ್ಟಿ ತೆಗೆದು ಲಟಿಕೆ ಮುರಿದಳು.

"ನನ್ನ ಬಂಗಾರಾ! ಕೂಸಿನ ಉಳಿಸಿದೆಪಾ! ಇವತ್ತ ಯಾರ ಬರಲಿ, ಹಿಂಗ ಮಾಡು! ಯಾರ ಮಾತೂ ಕೇಳಬ್ಯಾಡ!"

"ಆತಬೇ ಯವ್ವಾ. ಹಂಗ ಮಾಡ್ತೀನಿ."

ಡಾಕ್ಟರು ಉರಿಬಿಸಿಲಲ್ಲಿ ಬೈಕು ಓಡಿಸಿಕೊಂಡು ಬಂದರು. ಮೈಲಾರಿ ಕಾಲಿಗೆ ನೀರು ಕೊಟ್ಟ, ಕೈ ಹಿಡಿದು ಒಳಗೆ ಕರೆದ. ಕೈ ಕಾದ ಹಂಚು!

ಹಗ್ಗ ಬಿಚ್ಚಿದ. ಡಾಕ್ಟರನ್ನು ಎತ್ತಿ ಅಳಿಯನ ಪಕ್ಕಕ್ಕೆ ಒಗೆದ. ಪರದೆ ಮುಚ್ಚಿದ, ಅಂಚು ತುರುಕಿದ, ಮತ್ತೆ ಹಗ್ಗ ಬಿಗಿದ.

"ಏ, ಏನ್ ಮಾಡಾಕತ್ತೀಯೋ! ನಾ ಡಾಕ್ಟರ್ ಅದೀನಿ! ನನಗ್ಯಾವ ಜ್ವರಾನೂ ಇಲ್ಲ!"

ಮೈಲಾರಿ ಇನ್ನೊಂದು ಗಂಟು ಹಾಕುತ್ತ ಹೇಳಿದ: "ನಮ್ಮ ಮಾಮಾನೂ ಹಿಂಗ ಅಂದಿದ್ರು ಸಾಹೇಬ್ರ."