ಸೀಸದ ಬಂಗಾರಕ್ಕ

ಎಷ್ಟು ಹಿಂದಿನ ಮಾತು ಅಂತ ಮಾತ್ರ ಕೇಳಬೇಡಿ. ನಮ್ಮಜ್ಜಿಗೆ ಅವರಜ್ಜಿ ಹೇಳಿದ್ದು, ಆ ಅಜ್ಜಿಯೂ ಕೇಳಿದ್ದೇ ಹೊರತು ಕಂಡಿದ್ದಲ್ಲ. ಕುರುಚಲು ಕಾಡಿನ ಗುಡ್ಡಗಳ ಬುಡದಲ್ಲಿ ಒಂದು ಊರಿತ್ತು. ಊರಿನವರೆಲ್ಲ ಬೇಟೆಯವರು. ಆ ಊರಲ್ಲಿ ಒಬ್ಬ ಹೆಂಗಸಿದ್ದಳು. ಹೆಸರು ಬಂಗಾರಕ್ಕ, ಬಾಳೆಲ್ಲ ಮುಟ್ಟಿದ್ದು ಸೀಸ. ಕೋವಿಗೆ ಗುಂಡು ಎರೆಯುವುದು ಅವಳ ಕಸುಬು, ಅಪ್ಪನಿಂದ ಕಲಿತದ್ದು.

ಆಗಿನ ಕೋವಿಗಳು ಈಗಿನಂಥವಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಮೇಲೆ ಗುಂಡು ಇಳಿಸಿ, ಗಜ ಅನ್ನುವ ಉದ್ದನೆ ಸರಳಿನಿಂದ ಜಡಿಯಬೇಕು. ಮೊಲ, ಕೌಜುಗಕ್ಕೆ ಜೋಳದ ಕಾಳಿನಂಥ ಚರೆ. ಜಿಂಕೆಗೆ ಕಡಲೆಕಾಳಿನಷ್ಟು ದಪ್ಪದವು, ನಾಕು ಸೇರಿಸಿ. ಕಡವೆಗೆ ಮಾತ್ರ ಗಜ್ಜುಗದಂಥ ಒಂಟಿ ಗುಂಡು, ಅದರಲ್ಲೂ ಸೀಸಕ್ಕೆ ಒಂದಿಷ್ಟು ತವರ ಬೆರೆಸಿದ್ದು. ಬರೀ ಸೀಸ ಮೆತ್ತಗೆ, ಕಡವೆಯ ಮೂಳೆಗೆ ಬಡಿದರೆ ರೊಟ್ಟಿಯಂತೆ ಚಪ್ಪಟೆಯಾಗುತ್ತದೆ. ಇದು ಬಂಗಾರಕ್ಕನಿಗೆ ತಿಳಿದಷ್ಟು ಸುತ್ತ ಏಳು ಊರಲ್ಲಿ ಯಾರಿಗೂ ತಿಳಿದಿರಲಿಲ್ಲವಂತೆ.

ಅವಳ ಗಂಡ ಪಾಲಯ್ಯ ಒಳ್ಳೇ ಗುರಿಗಾರ. ಒಂದು ಬೇಸಿಗೆಯ ದಿನ ಬೆಳಗ್ಗೆ, ಗುಡ್ಡದ ದೊಣೆಗೆ ಗಂಡು ಕಡವೆಯೊಂದು ನೀರಿಗೆ ಬಂದಿದೆ ಅಂತ ಸುದ್ದಿ ಬಂತು. ಬಂಗಾರಕ್ಕ ಆಗಷ್ಟೇ ಒಲೆಗೆ ಮೂಸೆ ಇಟ್ಟಿದ್ದಳು, ಸೀಸ ಇನ್ನೂ ಕರಗಿರಲಿಲ್ಲ. ಪಾಲಯ್ಯ ಕೋವಿ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತ.

“ಒಂದು ಗಳಿಗೆ ತಡಿಯಯ್ಯ, ದೊಡ್ಡದು ಎರೆದು ಕೊಡ್ತೀನಿ,” ಅಂದಳು.

“ನಿನ್ನ ಸೀಸ ಕರಗೋ ಹೊತ್ತಿಗೆ ಕಡವೆ ಮೂರು ಗುಡ್ಡ ದಾಟಿರುತ್ತೆ. ಜಿಂಕೆ ಗುಂಡು ಇದಾವಲ್ಲ, ಅವನ್ನೇ ಕೊಡು.”

“ಅವು ತೊಗಲು ಹರಿತಾವೆ ಅಷ್ಟೇ. ಮೂಳೆ ಮುರಿಯಲ್ಲ.”

“ಹತ್ರ ಹೋಗಿ ಹೊಡಿತೀನಿ ಬಿಡೇ.”

ಅವಳು ಚೀಲಕ್ಕೆ ಗುಂಡು ತುಂಬಿ ತನ್ನ ಕೈಯಾರೆ ಕೊಟ್ಟಳು. ಕೊಡದೇ ಇರಬಹುದಿತ್ತು. ಕೊಟ್ಟಳು.

ಪಾಲಯ್ಯ ಹತ್ತಿರ ಹೋಗಿಯೇ ಹೊಡೆದನಂತೆ. ಗುಂಡು ಕಡವೆಯ ಭುಜಕ್ಕೆ ಬಿತ್ತು. ಕಡವೆ ಮುಗ್ಗರಿಸಿತು, ಬೀಳಲಿಲ್ಲ. ಸಾವರಿಸಿಕೊಂಡು, ರಕ್ತ ಸುರಿಸುತ್ತ ಓಡಿತು. ಬೇಟೆಯವರಿಗೆ ಒಂದು ಕಟ್ಟಳೆಯಿತ್ತು, ಗಾಯ ಮಾಡಿದ ಪ್ರಾಣಿಯನ್ನು ನರಳಲು ಬಿಟ್ಟು ಮನೆಗೆ ಬರಬಾರದು. ಪಾಲಯ್ಯ ರಕ್ತದ ಜಾಡು ಹಿಡಿದ. ಜತೆಗಾರರು ಎರಡು ಗುಡ್ಡದವರೆಗೂ ಹೋದರು, ಮೂರನೆಯದರಲ್ಲಿ ಸೋತು ನಿಂತರು. ಅವನು ನಿಲ್ಲಲಿಲ್ಲ. “ಅದು ನರಳ್ತಾ ಇದ್ರೆ ನಂಗೆ ಉಂಡ ಅನ್ನ ಸೇರಲ್ಲ. ಅದನ್ನ ಮುಗಿಸಿ ಬರ್ತೀನಿ ಅಂತ ಮನೇಲಿ ಹೇಳಿ,” ಅಂದನಂತೆ.

ಅವರು ಬಂದು ಹೇಳಿದರು. ಅವನು ಬರಲಿಲ್ಲ.

ಊರೇ ಎದ್ದು ಎಂಟು ದಿನ ಹುಡುಕಿತು. ಹಳ್ಳದ ಕಲ್ಲುಗಳ ಮೇಲೆ ರಕ್ತದ ಜಾಡು ತಪ್ಪಿಹೋಗಿತ್ತು. ಹುಲಿ ಹಿಡಿಯಿತು ಅಂದವರುಂಟು, ಹಾವು ಕಚ್ಚಿತು ಅಂದವರುಂಟು. ಈಗಲೂ ಜಾಡು ಹಿಡಿದು ನಡೆಯುತ್ತಲೇ ಇದ್ದಾನೆ ಅನ್ನುವವರೂ ಉಂಟು. ಬಂಗಾರಕ್ಕ ಕೈಬಳೆ ಒಡೆಯಲಿಲ್ಲ, ಕುಂಕುಮ ಅಳಿಸಲಿಲ್ಲ. ಗುಡ್ಡದ ಕಡೆಯಿಂದ ಬರುವ ಹಾದಿ ಕಾಣುವಂತೆ ಒಲೆಯನ್ನು ಅಂಗಳಕ್ಕೆ ತಂದು ಹೂಡಿದಳು. ಗುಂಡು ಎರೆಯುತ್ತ ಕೂತಳು.

ಆಮೇಲೆ ಅವಳು ಯಾರಿಗೂ ಕೇಳಿದ ಗುಂಡು ಕೊಡಲಿಲ್ಲ. ಬಂದವನನ್ನು ಕೂರಿಸಿ ವಿಚಾರಿಸುವಳು: ಯಾವ ಪ್ರಾಣಿ? ಎಷ್ಟು ದೂರದಿಂದ? ಕೋವಿ ಯಾರದು? ನಳಿಗೆಗೆ ಕಿರುಬೆರಳು ಹಾಕಿ ನೋಡುವಳು. ಗುಂಡನ್ನು ಅಂಗೈಯಲ್ಲಿ ತೂಗಿ, ಬಂಡೆಯ ಮೇಲೆ ಬೀಳಿಸಿ ಸದ್ದು ಕೇಳುವಳು. ಟೊಳ್ಳಿದ್ದರೆ ಮತ್ತೆ ಮೂಸೆಗೆ. ಎಲ್ಲ ಸರಿಯಾದ ಮೇಲೆ ಒಂದೇ ಒಂದು ಹೊಡೆತಕ್ಕಾಗುವಷ್ಟು ಗುಂಡು ಕೊಡುವಳು. ಇನ್ನೊಂದು ಹೊಡೆತಕ್ಕೂ ಕೊಡಕ್ಕ ಅಂದರೆ, ಎರಡನೇದು ಚೀಲದಲ್ಲಿದ್ದರೆ ಮೊದಲನೇದಕ್ಕೆ ಕಣ್ಣು ಮಂಜಾಗುತ್ತೆ ಅನ್ನುವಳಂತೆ. ಅವಳ ಗುಂಡು ತಿಂದ ಪ್ರಾಣಿ ಎರಡನೇ ಹೆಜ್ಜೆ ಇಡುತ್ತಿರಲಿಲ್ಲ ಅಂತಾರೆ. ಬಸುರಿ ಜಿಂಕೆಗೆ ಗುರಿಯಿಟ್ಟರೆ ಅವಳ ಗುಂಡು ನಳಿಗೆ ಬಿಟ್ಟು ಬರುತ್ತಲೇ ಇರಲಿಲ್ಲ ಅಂತಾರೆ. ಅಂತಾರೆ ಅಷ್ಟೇ, ನಾನು ಕಂಡಿಲ್ಲ. ಆದರೆ ಅವಳ ಕಾಲದಲ್ಲಿ ಗಾಯದ ಪ್ರಾಣಿಯ ಹಿಂದೆ ಹೋಗಿ ಕಳೆದುಹೋದವನು ಇನ್ನೊಬ್ಬನಿಲ್ಲ. ಇದು ಖರೆ.

ಹನ್ನೆರಡು ವರ್ಷ ಹೀಗೇ ಕಳೆಯಿತು.

ಒಂದು ದಿನ ಪಕ್ಕದೂರಿನ ಸೂರಯ್ಯ ಅನ್ನುವ ಬೇಟೆಗಾರ ಅವಳ ಅಂಗಳಕ್ಕೆ ಬಂದ. ಅವಳದೇ ಗುಂಡಿನಿಂದ ಮುದಿ ಕಡವೆಯೊಂದನ್ನು ಕೆಡವಿದ್ದ. ತೊಗಲು ಬಿಡಿಸುವಾಗ ಭುಜದ ಮೂಳೆಗೆ ಅಂಟಿಕೊಂಡು ಸೀಸದ ಚೂರೊಂದು ಸಿಕ್ಕಿತ್ತು, ಸುತ್ತ ಮೂಳೆ ಬೆಳೆದು ಮುಚ್ಚಿಕೊಂಡಿತ್ತು. ಯಾವುದೋ ಹಳೇ ಗುಂಡು, ನೋಡಕ್ಕ, ಅಂತ ಅವಳ ಕೈಗಿಟ್ಟ.

ಬಂಗಾರಕ್ಕ ಅದನ್ನು ಬೆಳಕಿಗೆ ಹಿಡಿದಳು. ಒಂದು ಮಗ್ಗುಲು ಚಪ್ಪಟೆಯಾಗಿತ್ತು. ಇನ್ನೊಂದು ಮಗ್ಗುಲಲ್ಲಿ ಉಗುರಿನ ಅಂಚಿನಂಥ ಉಬ್ಬಿದ ಏಣು. ಅವಳು ಜಿಂಕೆ ಗುಂಡು ಎರೆಯುವ ಕಲ್ಲಚ್ಚು ಒಂದು ಕಡೆ ಸೀಳು ಬಿಟ್ಟಿತ್ತು, ಸೀಸ ಆ ಸೀಳಿಗೂ ಇಳಿಯುತ್ತಿತ್ತು. ಆ ಏಣು ಬೇರೆ ಯಾರ ಗುಂಡಿನಲ್ಲೂ ಬರುವಂಥದ್ದಲ್ಲ. ಜಿಂಕೆ ಗುಂಡನ್ನು ಕಡವೆಗೆ ಹಾಕಿದವನೂ ಒಬ್ಬನೇ.

ಚೂರನ್ನು ಅಂಗೈಯಲ್ಲಿ ತೂಗುತ್ತ ಕೇಳಿದಳು, “ಅದರ ಮೈ ಹೆಂಗಿತ್ತಪ್ಪ ಸೂರಯ್ಯ?”

“ಕೊಬ್ಬಿತ್ತಕ್ಕ. ಕೊಂಬು ಇಷ್ಟುದ್ದ.”

“ಕುಂಟ್ತಿತ್ತಾ?”

“ಎಲ್ಲಿ ಕುಂಟೋದು! ಹಿಂಡಿಗೆಲ್ಲ ಅದೇ ಮುಂದೆ.”

“ಹಂಗಾದ್ರೆ ಅದು ನರಳಲೇ ಇಲ್ಲ,” ಅಂದಳು ಬಂಗಾರಕ್ಕ. “ಗಾಯ ಮಾಯ್ತು, ಮೇಯ್ಕೊಂಡಿತ್ತು. ಇಷ್ಟು ಗೊತ್ತಾಗಿದ್ರೆ ಅವರು ಅವತ್ತೇ ಮನೆಗೆ ಬಂದುಬಿಡ್ತಿದ್ರು.”

ಅಂದು ಅತ್ತಳಂತೆ. ಹನ್ನೆರಡು ವರ್ಷದಲ್ಲಿ ಅದೇ ಮೊದಲು.

ಮಾರನೇ ದಿನ ಬೆಳಗ್ಗೆ, ಕಡವೆ ಬಿದ್ದ ಜಾಗ ತೋರಿಸು ಅಂತ ಸೂರಯ್ಯನನ್ನು ಹೊರಡಿಸಿದಳು. ಅಲ್ಲಿವರೆಗೂ ಅವಳು ಗುಡ್ಡ ಹತ್ತಿದವಳಲ್ಲ. ತಾನು ಆ ಕಡೆ ಹೋದ ಹೊತ್ತಲ್ಲೇ ಗಂಡ ಈ ಕಡೆಯಿಂದ ಬಂದುಬಿಟ್ಟರೆ ಅನ್ನುವ ದಿಗಿಲು. ಮೂರು ಗುಡ್ಡ ದಾಟಿ, ಹಳ್ಳ ಇಳಿದು, ಆಚೆ ದಿಬ್ಬ ಹತ್ತಿದರು. ಅಲ್ಲಿ ಹುಲ್ಲು ಮಲಗಿತ್ತು. ಮುಂದೆ ಕಾಡೋ ಕಾಡು.

ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರು ಹೇಳುವುದಿಲ್ಲ, ನಿಮಗೇ ಗೊತ್ತಲ್ಲ. ಬಂಗಾರಕ್ಕನೂ ಹೇಳಿದವಳಲ್ಲ. ಎಂಟು ದಿನ ಊರೆಲ್ಲ ಗುಡ್ಡ ಗುಡ್ಡ ಕೂಗಿ ಹುಡುಕಿದಾಗಲೂ ಅವಳ ಬಾಯಿಂದ ಆ ಹೆಸರು ಬಂದಿರಲಿಲ್ಲ. ಆ ದಿಬ್ಬದ ಮೇಲೆ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎದೆ ತುಂಬ ಉಸಿರೆಳೆದುಕೊಂಡು ಕೂಗಿದಳು.

“ಪಾಲಯ್ಯಾ... ಅದು ಬದುಕಿತ್ತು! ಬಾರಯ್ಯಾ ಮನೆಗೆ!”

ಗುಡ್ಡದಿಂದ ಗುಡ್ಡಕ್ಕೆ ಆ ಕೂಗು ಹೋಯಿತಂತೆ. ಸೂರಯ್ಯ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ಕಾಡು ಆ ಹೆಸರನ್ನು ಮೂರು ಸಲ ತಿರುಗಿ ಹೇಳಿ ಸುಮ್ಮನಾಯಿತು. ಬೇರೆ ಯಾವ ಉತ್ತರವೂ ಬರಲಿಲ್ಲ.

ಅವಳು ಅದಾದ ಮೇಲೂ ಬಹಳ ವರ್ಷ ಬದುಕಿದಳು ಅಂತಾರೆ. ಎಂದು ಸತ್ತಳು, ಎಲ್ಲಿ ಮಣ್ಣು ಮಾಡಿದರು, ಯಾರಿಗೂ ತಿಳಿಯದು. ಗುಡಿಯಿಲ್ಲ, ಕಲ್ಲಿಲ್ಲ. ಈಗ ಆ ಊರಲ್ಲಿ ಕೋವಿಯೂ ಇಲ್ಲ, ಬೇಟೆ ನಿಂತು ಎಷ್ಟೋ ಕಾಲವಾಯಿತು. ಆದರೆ ಸೌದೆಗೋ ಸೀಗೆಕಾಯಿಗೋ ಹೋದ ಹೆಂಗಸರು ಆ ದಿಬ್ಬಕ್ಕೆ ಬಂದರೆ ಹೊರೆ ಕೆಳಗಿಡುತ್ತಾರೆ. ತಮ್ಮನ್ನು ಬಿಟ್ಟು ದೂರ ಹೋದವರ ಹೆಸರನ್ನು, ಗಂಡನದೇ ಆದರೂ ನಾಚದೆ, ಕಾಡಿನ ಕಡೆ ಮುಖ ಮಾಡಿ ಒಂದು ಸಲ ಕೂಗುತ್ತಾರೆ. ಕೂಗಿ, ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತು, ಆಮೇಲೆ ಹೊರೆ ಎತ್ತಿಕೊಂಡು ಇಳಿಯುತ್ತಾರೆ.